ಭುಜದ ಸ್ನಾಯುರಜ್ಜು ಹರಿದಾಗ: ಶಸ್ತ್ರಚಿಕಿತ್ಸೆ ಮತ್ತು ಅನಂತರದ ಆರೈಕೆ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ನಮ್ಮ ರೈತರಿಗೆ ಹೊಸದಲ್ಲ. ಆದರೆ ಕೆಸರಾಗಬೇಕಾದ ಆ ಕೈಯೇ ಮೇಲೇಳದಿದ್ದರೆ ಬೇಸಾಯ ನಡೆಯುವುದು ಹೇಗೆ? ಗುದ್ದಲಿ ಎತ್ತುವುದು, ಮೂಟೆ ಹೊರುವುದು, ದೋಟಿ ಹಿಡಿದು ಗೊನೆ ಇಳಿಸುವುದು, ಔಷಧಿ ಸಿಂಪಡಿಸುವುದು, ಹುಲ್ಲಿನ ಬಣವೆ ಒಟ್ಟುವುದು ಇವೆಲ್ಲವೂ ಭುಜದ ಬಲದಿಂದ ನಡೆಯುವ ಕೆಲಸಗಳು. ಎತ್ತಿನ ಕಾಲಿಗೆ ಪೆಟ್ಟಾದರೆ ಅದೇ ದಿನ ಪಶುವೈದ್ಯರನ್ನು ಕರೆಸುವ ರೈತರು ತಮ್ಮ ಭುಜದ ನೋವನ್ನು ಮಾತ್ರ ಎಣ್ಣೆ ಹಚ್ಚಿಕೊಂಡು ತಿಂಗಳುಗಟ್ಟಲೆ ಸಹಿಸುತ್ತಾರೆ. ಇಂತಹ ನೋವುಗಳಲ್ಲಿ ಕೆಲವು ಕೇವಲ ಉಳುಕಾಗಿರದೆ, ಭುಜದೊಳಗಿನ ಸ್ನಾಯುರಜ್ಜು ಹರಿದಿರುವುದರಿಂದ ಬಂದವಾಗಿರುತ್ತವೆ.

ಈ ಲೇಖಕನು ವೈದ್ಯನಲ್ಲ, ಬೇಸಾಯಶಾಸ್ತ್ರದವನು. ಭತ್ತದ ಪ್ರಯೋಗ ತಾಕಿನ ಒದ್ದೆ ಬದುವಿನ ಮೇಲೆ ಜಾರಿ ಬಲಗೈ ಊರಿ ಬಿದ್ದು, ಇದೇ ಶಸ್ತ್ರಚಿಕಿತ್ಸೆಗೆ ಒಳಗಾದವನು. ಆಗ ಕಲಿತ ವಿಷಯಗಳು ರೈತ ಬಾಂಧವರಿಗೂ ಉಪಯೋಗವಾಗಬಹುದೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ. ಈ ತೊಂದರೆಯಲ್ಲಿ ಕಾಲವು ಎರಡು ಸಲ ಮುಖ್ಯವಾಗುತ್ತದೆ. ಚಿಕಿತ್ಸೆಗೆ ಮುನ್ನ ತಡಮಾಡಬಾರದು. ಚಿಕಿತ್ಸೆಯ ಅನಂತರ ಆತುರಪಡಬಾರದು.

ಭುಜದ ರಚನೆ

ತೋಳಿನ ಮೂಳೆಯ ಮೇಲ್ತುದಿಯು ಚೆಂಡಿನಂತೆ ದುಂಡಾಗಿದೆ. ಅದು ಹೆಗಲ ಹಲಗೆಯ ಒಂದು ಸಣ್ಣ ಬಟ್ಟಲಿಗೆ ತಗುಲಿಕೊಂಡಿರುತ್ತದೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಚೆಂಡು ಆಳವಾದ ಬಟ್ಟಲಿನಲ್ಲಿ ಹುದುಗಿರುತ್ತದೆ. ಭುಜದ ಬಟ್ಟಲಿಗೆ ಅಷ್ಟು ಆಳವಿಲ್ಲ. ಆದುದರಿಂದಲೇ ಕೈಯನ್ನು ಎಲ್ಲ ದಿಕ್ಕುಗಳಿಗೂ ತಿರುಗಿಸಲು ಸಾಧ್ಯವಾಗಿದೆ. ಇದೇ ಕಾರಣದಿಂದ ಚೆಂಡನ್ನು ಬಟ್ಟಲಿನಲ್ಲಿ ಹಿಡಿದು ನಿಲ್ಲಿಸುವ ಹೊಣೆ ಸುತ್ತಲಿನ ಮಾಂಸಖಂಡಗಳ ಮೇಲೆ ಬಿದ್ದಿದೆ.

ಈ ಕೆಲಸಕ್ಕೆ ಮುಖ್ಯವಾಗಿ ನಾಲ್ಕು ಮಾಂಸಖಂಡಗಳಿವೆ. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಹಾಗೂ ಸಬ್‌ಸ್ಕ್ಯಾಪುಲಾರಿಸ್ ಎಂದು ವೈದ್ಯರು ಇವುಗಳನ್ನು ಕರೆಯುತ್ತಾರೆ. ಇವು ಹೆಗಲ ಹಲಗೆಯಿಂದ ಹೊರಟು, ತುದಿಯಲ್ಲಿ ಗಟ್ಟಿಯಾದ ಬಿಳಿಯ ಪಟ್ಟಿಗಳಾಗಿ ತೋಳಿನ ಮೂಳೆಯ ತಲೆಗೆ ಅಂಟಿಕೊಂಡಿರುತ್ತವೆ. ಈ ಪಟ್ಟಿಗಳೇ ಸ್ನಾಯುರಜ್ಜುಗಳು. ನಾಲ್ಕೂ ರಜ್ಜುಗಳು ಒಟ್ಟಾಗಿ ಮೂಳೆಯ ತಲೆಯನ್ನು ಅಂಗಿಯ ತೋಳಿನ ಪಟ್ಟಿಯಂತೆ ಸುತ್ತುವರಿದಿರುವುದರಿಂದ ಇವಕ್ಕೆ 'ರೊಟೇಟರ್ ಕಫ್' ಎಂಬ ಹೆಸರಿದೆ.

ಎತ್ತು ಎಷ್ಟೇ ಬಲವಾಗಿದ್ದರೂ ನೊಗಕ್ಕೂ ನೇಗಿಲಿಗೂ ಕಟ್ಟಿದ ಮಿಣಿ ಹರಿದರೆ ನೇಗಿಲು ಮುಂದೆ ಸಾಗುವುದಿಲ್ಲ. ಮಾಂಸಖಂಡವು ಎತ್ತಿದ್ದಂತೆ, ರಜ್ಜು ಮಿಣಿಯಿದ್ದಂತೆ. ಹಳ್ಳಿಗಳಲ್ಲಿ ಇದನ್ನು 'ನರ' ಎನ್ನುವುದುಂಟು. ಆದರೆ ನರವು ಮಿದುಳಿನ ಸಂದೇಶವನ್ನು ಸಾಗಿಸುವ ತಂತು. ರಜ್ಜು ಬಲವನ್ನು ಸಾಗಿಸುವ ಹುರಿ. ಎರಡೂ ಬೇರೆ ಬೇರೆ.

ರಜ್ಜು ಹರಿಯಲು ಕಾರಣಗಳು

1. ಪೆಟ್ಟು: ಬದುವಿನಿಂದ ಜಾರಿ ಕೈಯೂರಿ ಬೀಳುವುದು, ಮರ ಅಥವಾ ಅಟ್ಟದಿಂದ ಬೀಳುವುದು, ಹಗ್ಗ ಹಿಡಿದಿರುವಾಗ ಹಸು ಅಥವಾ ಹೋರಿ ಒಮ್ಮೆಲೇ ಜಗ್ಗುವುದು, ಜಾರುತ್ತಿರುವ ಮೂಟೆಯನ್ನು ತಡೆಯಲು ಕೈ ಚಾಚುವುದು ಇತ್ಯಾದಿ.

2. ಸವೆತ: ವಯಸ್ಸಾದಂತೆ ರಜ್ಜುವಿನ ಎಳೆಗಳು ಸವೆಯುತ್ತವೆ. ಕೈಯನ್ನು ತಲೆಗಿಂತ ಮೇಲೆತ್ತಿ ಮಾಡುವ ಕೆಲಸಗಳು ಹಾಗೂ ಹೆಗಲ ಮೇಲೆ ಭಾರ ಹೊರುವ ಕೆಲಸಗಳು ಈ ಸವೆತವನ್ನು ಹೆಚ್ಚಿಸುತ್ತವೆ. 16 ಲೀಟರ್ ಹಿಡಿಸುವ ಬೆನ್ನಿನ ಸ್ಪ್ರೇಯರ್ ತುಂಬಿದಾಗ ನೀರಿನ ತೂಕವೇ 16 ಕಿ.ಗ್ರಾಂ. ಆಗುತ್ತದೆ, ಯಂತ್ರದ ತೂಕ ಅದಕ್ಕೆ ಸೇರುತ್ತದೆ. ಅದನ್ನು ಹೊತ್ತುಕೊಂಡು ದಿನವಿಡೀ ಹಿಡಿಕೆ ಒತ್ತುವವರ ಭುಜಕ್ಕೆ ಬೀಳುವ ಶ್ರಮವನ್ನು ಊಹಿಸಬಹುದು.

3. ಇತರ ಕಾರಣಗಳು: ಸಕ್ಕರೆ ಕಾಯಿಲೆ ಮತ್ತು ಧೂಮಪಾನ ರಜ್ಜುವಿನ ಆರೋಗ್ಯವನ್ನು ಕುಂದಿಸುತ್ತವೆ. ಭುಜದೊಳಕ್ಕೆ ಮತ್ತೆ ಮತ್ತೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಳ್ಳುವುದರಿಂದಲೂ ರಜ್ಜು ದುರ್ಬಲಗೊಳ್ಳುವ ಸಂಭವವಿದೆ.

ನಲವತ್ತು ವರ್ಷದೊಳಗಿನವರಲ್ಲಿ ಸಾಮಾನ್ಯವಾಗಿ ಪೆಟ್ಟಿನಿಂದಲೂ, ಅರವತ್ತು ದಾಟಿದವರಲ್ಲಿ ಹೆಚ್ಚಾಗಿ ಸವೆತದಿಂದಲೂ ರಜ್ಜು ಹರಿಯುತ್ತದೆ. ಜಪಾನಿನ ಒಂದು ಹಳ್ಳಿಯ 683 ಜನರ ಎರಡೂ ಭುಜಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 20.7ರಷ್ಟು ಭುಜಗಳಲ್ಲಿ ರಜ್ಜು ಪೂರ್ಣವಾಗಿ ಹರಿದಿರುವುದು ಕಂಡುಬಂದಿತು. ವಯಸ್ಸು, ಹಿಂದೆ ಆದ ಪೆಟ್ಟು, ಹೆಚ್ಚು ಬಳಸುವ ಕೈ ಇವು ಮೂರು ಇದಕ್ಕೆ ಸಂಬಂಧಿಸಿದ ಮುಖ್ಯ ಅಂಶಗಳಾಗಿದ್ದವು. ಹರಿದವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇರಲಿಲ್ಲವೆಂಬುದು ಗಮನಾರ್ಹ. ಆದುದರಿಂದ ರಜ್ಜು ಹರಿದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದು ತಿಳಿಯಬಾರದು.

ಲಕ್ಷಣಗಳು

1. ಭುಜದ ಮೇಲ್ಭಾಗ ಮತ್ತು ತೋಳಿನ ಹೊರಬದಿಯಲ್ಲಿ ನೋವು. ರಾತ್ರಿ ಹೆಚ್ಚಾಗುತ್ತದೆ, ಆ ಮಗ್ಗುಲಿಗೆ ಮಲಗಲಾಗುವುದಿಲ್ಲ.

2. ಅಂಗಿ ತೊಡುವಾಗ, ತಲೆ ಬಾಚುವಾಗ, ಅಟ್ಟದ ಮೇಲಿನ ವಸ್ತು ತೆಗೆಯುವಾಗ ಕೈ ಎತ್ತಲು ಕಷ್ಟ.

3. ಕೈಯಲ್ಲಿ ಬಲ ಕುಗ್ಗುವುದು. ನೀರು ತುಂಬಿದ ಚೊಂಬನ್ನು ಚಾಚಿದ ಕೈಯಲ್ಲಿ ಹಿಡಿಯಲಾಗದಿರುವುದು.

4. ಮೇಲೆತ್ತಿದ ಕೈಯನ್ನು ನಿಧಾನವಾಗಿ ಇಳಿಸಲು ಹೋದಾಗ ಅದು ತಟ್ಟನೆ ಕೆಳಗೆ ಬೀಳುವುದು.

ಭುಜ ಬಿಗಿದುಕೊಳ್ಳುವ ಇನ್ನೊಂದು ಕಾಯಿಲೆ ಇದೆ. 'ಫ್ರೋಜನ್ ಶೋಲ್ಡರ್' ಎಂಬ ಹೆಸರಿನ ಇದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಇದರಲ್ಲಿ ರೋಗಿ ತಾನಾಗಿಯೂ ಕೈ ಎತ್ತಲಾರ, ಬೇರೆಯವರು ಎತ್ತಿದರೂ ಕೈ ಮೇಲೇಳದು. ರಜ್ಜು ಹರಿದಾಗ ಸಾಮಾನ್ಯವಾಗಿ ತಾನಾಗಿ ಎತ್ತಲಾಗದ ಕೈಯನ್ನು ಬೇರೆಯವರು ಮೆಲ್ಲನೆ ಎತ್ತಬಹುದು. ಎರಡರ ಚಿಕಿತ್ಸೆಯೂ ಬೇರೆಯಾದುದರಿಂದ ವೈದ್ಯರ ಪರೀಕ್ಷೆ ಅವಶ್ಯಕ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಜ್ಜು ಕಾಣುವುದಿಲ್ಲ. 'ಎಕ್ಸ್‌ರೇ ತೆಗೆಸಿದೆವು, ಏನೂ ಆಗಿಲ್ಲವಂತೆ' ಎಂದು ಸುಮ್ಮನಾಗುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಬಿದ್ದ ಅನಂತರ ಎರಡು ಮೂರು ವಾರ ಕಳೆದರೂ ಕೈ ಎತ್ತಲಾಗದಿದ್ದರೆ ಮೂಳೆ ಮತ್ತು ಕೀಲು ತಜ್ಞರ ಬಳಿಗೆ ಹೋಗಬೇಕು. ಅವರು ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಿ, ರಜ್ಜು ಎಷ್ಟು ಹರಿದಿದೆ, ಎಷ್ಟು ಹಿಂದಕ್ಕೆ ಸರಿದಿದೆ, ಮಾಂಸಖಂಡ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನಿರ್ಧರಿಸುತ್ತಾರೆ.

ಯಾರಿಗೆ ಶಸ್ತ್ರಚಿಕಿತ್ಸೆ ಬೇಕು?

ರಜ್ಜು ಅರ್ಧಂಬರ್ಧ ಹರಿದವರಿಗೆ ಹಾಗೂ ಪೆಟ್ಟಿಲ್ಲದೆ ಸವೆತದಿಂದ ಹರಿದ ವಯಸ್ಸಾದವರಿಗೆ ಮೊದಲು ಸುಮಾರು ಮೂರು ತಿಂಗಳು ವ್ಯಾಯಾಮ ಚಿಕಿತ್ಸೆ ಕೊಡುವುದು ವಾಡಿಕೆ. ಇಂತಹ ರೋಗಿಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಾಲ್ವರಲ್ಲಿ ಸುಮಾರು ಮೂವರು ಎರಡು ವರ್ಷಗಳವರೆಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಉಳಿದರು. ಹರಿದ ರಜ್ಜು ಇದರಿಂದ ಕೂಡಿಕೊಳ್ಳುವುದಿಲ್ಲ. ಉಳಿದ ಮಾಂಸಖಂಡಗಳು ಅದರ ಭಾರವನ್ನು ಹಂಚಿಕೊಳ್ಳಲು ಕಲಿಯುತ್ತವೆ.

ಕೆಳಗಿನವರಿಗೆ ಶಸ್ತ್ರಚಿಕಿತ್ಸೆ ಹೆಚ್ಚು ಸೂಕ್ತವೆನಿಸುತ್ತದೆ:

ಅ) ಪೆಟ್ಟು ಬಿದ್ದು ಚೆನ್ನಾಗಿದ್ದ ರಜ್ಜು ಒಮ್ಮೆಲೇ ಪೂರ್ಣವಾಗಿ ಹರಿದವರು.

ಆ) ವಯಸ್ಸು ಕಡಮೆಯಿದ್ದು ದೇಹಶ್ರಮದಿಂದಲೇ ಜೀವನ ನಡೆಸಬೇಕಾದವರು.

ಇ) ವ್ಯಾಯಾಮ ಚಿಕಿತ್ಸೆಯಿಂದ ಗುಣ ಕಾಣದವರು ಹಾಗೂ ಬಲ ದಿನೇ ದಿನೇ ಕುಗ್ಗುತ್ತಿರುವವರು.

ತಡಮಾಡಿದರೆ ಆಗುವ ನಷ್ಟ

ಮಿಣಿ ಹರಿದ ಎತ್ತು ಕೊಟ್ಟಿಗೆಯಲ್ಲೇ ನಿಲ್ಲುತ್ತದೆ. ಹಾಗೆಯೇ ರಜ್ಜು ಹರಿದ ಮಾಂಸಖಂಡಕ್ಕೆ ಕೆಲಸ ತಪ್ಪುತ್ತದೆ. ಅದು ಕ್ರಮೇಣ ಹಿಂದಕ್ಕೆ ಸರಿದು, ಸಣ್ಣದಾಗಿ, ಅದರೊಳಗೆ ಕೊಬ್ಬು ತುಂಬಿಕೊಳ್ಳುತ್ತದೆ. ಫ್ರಾನ್ಸಿನ ಗೂಟಾಲಿಯೆ ಮತ್ತು ಅವರ ಸಂಗಡಿಗರು 1994ರಲ್ಲಿ ಈ ಕೊಬ್ಬನ್ನು 0ಯಿಂದ 4ರ ವರೆಗೆ ಐದು ದರ್ಜೆಗಳಲ್ಲಿ ವಿಂಗಡಿಸಿದರು. 3ನೆಯ ದರ್ಜೆಯೆಂದರೆ ಮಾಂಸದಷ್ಟೇ ಕೊಬ್ಬು. 4ನೆಯ ದರ್ಜೆಯೆಂದರೆ ಮಾಂಸಕ್ಕಿಂತ ಕೊಬ್ಬೇ ಹೆಚ್ಚು. ಈ ಹಂತಕ್ಕೆ ಹೋದ ಮೇಲೆ ರಜ್ಜುವನ್ನು ಎಳೆದು ಹೊಲಿದರೂ ಅದು ನಿಲ್ಲುವ ಭರವಸೆ ಕಡಮೆ. ತುಂಬಿದ ಕೊಬ್ಬು ಮತ್ತೆ ಮಾಂಸವಾಗುವುದೂ ಅಪರೂಪ. ಬೀಜದ ಹದ ಕೆಟ್ಟ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಇಳುವರಿ ಬಾರದಂತೆಯೇ ಇದು.

ಈ ಲೇಖಕನೂ ನಾಲ್ಕು ತಿಂಗಳು ಉಳುಕೆಂದೇ ತಿಳಿದು ಎಣ್ಣೆ ಹಚ್ಚಿಸಿ ಉಜ್ಜಿಸಿಕೊಂಡಿದ್ದನು. ಎಂ.ಆರ್.ಐ. ನೋಡಿದ ಶಸ್ತ್ರವೈದ್ಯರು, 'ಇನ್ನೊಂದು ವರ್ಷ ಹೀಗೇ ಬಿಟ್ಟಿದ್ದರೆ ಹೊಲಿಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ' ಎಂದರು. ಪೆಟ್ಟಿನಿಂದ ಪೂರ್ಣ ಹರಿದ ರಜ್ಜನ್ನು ಆದಷ್ಟೂ ಮೊದಲ ಮೂರು ತಿಂಗಳೊಳಗೆ ಸರಿಪಡಿಸಿಕೊಳ್ಳುವುದು ಲೇಸು. ಹೊಲಿಯಲಾರದಷ್ಟು ಕೆಟ್ಟ ಭುಜವುಳ್ಳ ವೃದ್ಧರಿಗೆ ಕೃತಕ ಕೀಲು ಅಳವಡಿಸುವ ಬೇರೆ ಶಸ್ತ್ರಚಿಕಿತ್ಸೆಯುಂಟು. ಆದರೆ ಅಂತಹ ಕೀಲನ್ನು ಭಾರವಾದ ಬೇಸಾಯದ ಕೆಲಸಕ್ಕೆ ಹಚ್ಚುವಂತಿಲ್ಲ.

ಶಸ್ತ್ರಚಿಕಿತ್ಸೆ ನಡೆಯುವ ಬಗೆ

ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಅವರು ಹರಿದ ರಜ್ಜನ್ನು ಹೊಲಿದು ಸರಿಪಡಿಸಿದ ವರದಿಯನ್ನು 1911ರಲ್ಲಿ ಪ್ರಕಟಿಸಿದರು. ಆಗ ಭುಜವನ್ನು ಅಗಲವಾಗಿ ತೆರೆಯಬೇಕಾಗಿತ್ತು. ಈಗ ಬಹುಮಟ್ಟಿಗೆ ದುರ್ಬೀನಿನ ವಿಧಾನ ಬಳಕೆಯಲ್ಲಿದೆ. ಒಂದು ಸೆಂ.ಮೀ.ಗಿಂತ ಚಿಕ್ಕದಾದ ಮೂರು ನಾಲ್ಕು ರಂಧ್ರಗಳ ಮೂಲಕ ಆರ್ಥ್ರೋಸ್ಕೋಪ್ ಎಂಬ ಸಣ್ಣ ಕೊಳವೆಯನ್ನೂ ಉಪಕರಣಗಳನ್ನೂ ಒಳಗೆ ತೂರಿಸಿ, ಪರದೆಯ ಮೇಲೆ ನೋಡುತ್ತಾ ಕೆಲಸ ಮಾಡುತ್ತಾರೆ.

ರೋಗಿಗೆ ಪೂರ್ತಿ ಅರಿವಳಿಕೆ ಕೊಡುವುದರ ಜೊತೆಗೆ ಕುತ್ತಿಗೆಯ ಬುಡದಲ್ಲಿ ನರಗಳಿಗೆ ಮದ್ದು ಕೊಟ್ಟು ಕೈಯನ್ನು ಜೋಮು ಹಿಡಿಸುವುದುಂಟು. ಆದುದರಿಂದ ಮೊದಲ ದಿನ ನೋವು ತಿಳಿಯದು. ಜೋಮು ಇಳಿದ ರಾತ್ರಿ ನೋವು ಒಮ್ಮೆಲೇ ಹೆಚ್ಚುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ವೈದ್ಯರು ಹೇಳಿದ ಮಾತ್ರೆಯನ್ನು ಜೋಮು ಪೂರ್ತಿ ಇಳಿಯುವ ಮೊದಲೇ ತೆಗೆದುಕೊಂಡರೆ ಆ ರಾತ್ರಿ ಸುಲಭವಾಗಿ ಕಳೆಯುತ್ತದೆ.

ಶಸ್ತ್ರವೈದ್ಯರು ಮೊದಲು ಕೊಳೆತ ಎಳೆಗಳನ್ನು ತೆಗೆದು, ರಜ್ಜು ಅಂಟಬೇಕಾದ ಮೂಳೆಯ ಜಾಗವನ್ನು ಕೆರೆದು ರಕ್ತ ಜಿನುಗುವಂತೆ ಮಾಡುತ್ತಾರೆ. ಅನಂತರ ಆ ಮೂಳೆಗೆ 'ಆ್ಯಂಕರ್' ಎಂಬ ಸಣ್ಣ ಗೂಟಗಳನ್ನು ಕೂರಿಸುತ್ತಾರೆ. ಇವು ಲೋಹದ್ದಾಗಿರಬಹುದು ಅಥವಾ ಕಾಲಕ್ರಮದಲ್ಲಿ ದೇಹದಲ್ಲಿ ಕರಗುವ ವಸ್ತುವಿನದ್ದಾಗಿರಬಹುದು. ಗೂಟಕ್ಕೆ ಪೋಣಿಸಿದ ಗಟ್ಟಿ ದಾರಗಳನ್ನು ರಜ್ಜುವಿನೊಳಗಿಂದ ಹಾಯಿಸಿ, ರಜ್ಜನ್ನು ಮೂಳೆಯ ಮೇಲಕ್ಕೆಳೆದು ಬಿಗಿಯುತ್ತಾರೆ. ಎಷ್ಟು ಆ್ಯಂಕರ್‌ಗಳು ಬೇಕಾದಾವು, ಆಸ್ಪತ್ರೆ ಹೇಳಿದ ಖರ್ಚಿನಲ್ಲಿ ಅವುಗಳ ಬೆಲೆ ಸೇರಿದೆಯೇ ಎಂಬುದನ್ನು ಮುಂಚಿತವಾಗಿಯೇ ಕೇಳಿ ತಿಳಿಯಬೇಕು.

ಒಳಗೆ ಗಾಯ ಕೂಡುವ ಬಗೆ

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನವರಿಕೆ ಮಾಡಿಕೊಳ್ಳಬೇಕು. ಶಸ್ತ್ರವೈದ್ಯರು ರಜ್ಜನ್ನು ಮೂಳೆಗೆ ಕಟ್ಟುತ್ತಾರೆ. ಅದನ್ನು ಅಂಟಿಸುವುದು ದೇಹದ ಕೆಲಸ.

ಮಾವಿನ ಕಸಿ ಕಟ್ಟಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೇರುಸಸಿಗೆ ಕಸಿಕಡ್ಡಿಯನ್ನು ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತೇವೆ. ಪಟ್ಟಿ ಹಿಡಿದುಕೊಂಡಿರುವುದರಿಂದ ಎರಡೂ ಕೂಡಿದಂತೆ ಕಾಣುತ್ತದೆ. ನಿಜವಾದ ಬೆಸುಗೆ ಒಳಗೆ ನಿಧಾನವಾಗಿ ನಡೆಯುತ್ತಿರುತ್ತದೆ. ಎರಡು ಮೂರು ವಾರಗಳಲ್ಲಿ ಕಡ್ಡಿಯಲ್ಲಿ ಚಿಗುರು ಕಾಣಿಸುವುದುಂಟು. ಆದರೆ ಅದು ಕಡ್ಡಿಯಲ್ಲಿ ಮೊದಲೇ ಇದ್ದ ಆಹಾರದಿಂದ ಬಂದ ಚಿಗುರು. ಕಸಿ ಕೂಡಿತೆಂದು ತಿಳಿದು ಆಗಲೇ ಪಟ್ಟಿ ಬಿಚ್ಚಿದರೆ ಕಡ್ಡಿ ಕೈಗೆ ಬರುತ್ತದೆ.

ಭುಜದಲ್ಲಿಯೂ ಹೀಗೆಯೇ. ಮೊದಲ ವಾರದಲ್ಲಿ ಊತವಿದ್ದು, ಅನಂತರದ ವಾರಗಳಲ್ಲಿ ರಜ್ಜು ಮತ್ತು ಮೂಳೆಯ ನಡುವೆ ಮೃದುವಾದ ಹೊಸ ಅಂಗಾಂಶ ಬೆಳೆಯುತ್ತದೆ. ಅದು ಬಲಿತು ಗಟ್ಟಿಯಾಗಲು ಹಲವು ತಿಂಗಳು ಬೇಕು. ಈ ಮಧ್ಯೆ ಹೊಲಿಗೆಯ ನೋವು ಕಡಮೆಯಾಗಿ, ಐದಾರು ವಾರಗಳಲ್ಲಿ ಕೈ ಹಗುರವೆನಿಸುತ್ತದೆ. ನೋವು ಹೋಗುವುದು ಕಸಿಕಡ್ಡಿಯ ಮೊದಲ ಚಿಗುರಿದ್ದಂತೆ. ಅದನ್ನು ನಂಬಿ ಭಾರ ಎತ್ತಿದರೆ ದಾರವು ರಜ್ಜನ್ನು ಸೀಳಿಕೊಂಡು ಹೊರಬರುತ್ತದೆ.

ಹೊಲಿದ ರಜ್ಜು ಮತ್ತೆ ಹರಿಯುವುದು ಅಪರೂಪವೇನಲ್ಲ. ಹರಕು ದೊಡ್ಡದಾದಷ್ಟೂ, ವಯಸ್ಸು ಹೆಚ್ಚಾದಷ್ಟೂ ಈ ಸಂಭವ ಹೆಚ್ಚು. 2 ಸೆಂ.ಮೀ.ಗಿಂತ ದೊಡ್ಡ ಹರಕನ್ನು ದುರ್ಬೀನಿನಿಂದ ಹೊಲಿಸಿಕೊಂಡ 18 ಜನರ ಬಗ್ಗೆ 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 17 ಜನರ ರಜ್ಜು ಮತ್ತೆ ಹರಿದಿತ್ತು. ಅವರಲ್ಲಿ ಅನೇಕರ ನೋವು ಕಡಮೆಯಾಗಿದ್ದುದು ನಿಜ. ಅಲ್ಲಿಂದೀಚೆಗೆ ಹೊಲಿಗೆಯ ಕ್ರಮವೂ ಸುಧಾರಿಸಿದೆ. ಆದರೂ ಮತ್ತೆ ಹರಿಯುವುದು ಹೆಚ್ಚಾಗಿ ಮೊದಲ ಆರು ತಿಂಗಳೊಳಗೆ ಎಂಬುದನ್ನು ಮರೆಯಬಾರದು. ಈ ಲೇಖಕನಿಗೆ ಪರಿಚಿತರಾದ ರೈತರೊಬ್ಬರು ಎಂಟನೆಯ ವಾರದಲ್ಲಿ ನೋವಿಲ್ಲವೆಂದು ಎತ್ತುಗಳನ್ನು ನೀರಿಗೆ ಬಿಡಲು ಹೋದರು. ಎತ್ತು ಹಗ್ಗ ಜಗ್ಗಿತು. ಎರಡನೆಯ ಸಲದ ಶಸ್ತ್ರಚಿಕಿತ್ಸೆಯ ಅನಂತರ ಆ ಕೈ ಹೆಗಲ ಮಟ್ಟಕ್ಕಿಂತ ಮೇಲೆ ಏಳಲಿಲ್ಲ.

ಚೇತರಿಕೆಯ ಹಂತಗಳು

ಹರಕಿನ ಗಾತ್ರ ಮತ್ತು ಹೊಲಿಗೆಯ ಬಿಗಿಯನ್ನು ನೋಡಿ ವೈದ್ಯರು ಈ ಅವಧಿಗಳನ್ನು ಹಿಂದುಮುಂದು ಮಾಡುವುದುಂಟು. ಸಾಮಾನ್ಯ ಕ್ರಮ ಹೀಗಿದೆ:

ಮೊದಲನೆಯ ಹಂತ (ಮೊದಲ 6 ವಾರಗಳು): ರಕ್ಷಣೆಯ ಕಾಲ. ಸ್ಲಿಂಗ್ ಎಂದು ಕರೆಯುವ ಕೈಜೋಲಿಯಲ್ಲಿ ಹಗಲೂ ರಾತ್ರಿಯೂ ಕೈ ಇರಬೇಕು. ಕೆಲವರಿಗೆ ಕಂಕುಳಿನ ಕೆಳಗೆ ಸಣ್ಣ ದಿಂಬನ್ನೂ ಸೇರಿಸಿ ಕಟ್ಟುತ್ತಾರೆ. ಬೆರಳು, ಮಣಿಕಟ್ಟು ಹಾಗೂ ಮೊಣಕೈಯನ್ನು ಮೊದಲ ದಿನದಿಂದಲೇ ಆಡಿಸಬೇಕು. ಭುಜವನ್ನು ಸ್ವಂತ ಬಲದಿಂದ ಎತ್ತಕೂಡದು. ವೈದ್ಯರು ಅನುಮತಿ ಕೊಟ್ಟ ಮೇಲೆ ಕಾಡ್‌ಮನ್ ಅವರ ಹೆಸರಿನಲ್ಲಿಯೇ ಬಳಕೆಯಲ್ಲಿರುವ ತೂಗು ವ್ಯಾಯಾಮವನ್ನು ಮಾಡಬಹುದು. ಆರೋಗ್ಯವಾದ ಕೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಇನ್ನೊಂದು ಕೈಯನ್ನು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಸಡಿಲವಾಗಿ ಬಿಟ್ಟು, ಮೈಯನ್ನು ಮೆಲ್ಲನೆ ತೂಗಬೇಕು. ಮೈ ತೂಗಿದಂತೆ ಕೈ ತಾನಾಗಿ ತೂಗಬೇಕೇ ಹೊರತು ಕೈಯಿಂದ ಬಲ ಹಾಕಬಾರದು.

ಎರಡನೆಯ ಹಂತ (6ರಿಂದ 12 ವಾರಗಳು): ಕೈಜೋಲಿಯನ್ನು ಕ್ರಮೇಣ ಬಿಡಿಸುತ್ತಾರೆ. ಆರೋಗ್ಯವಾದ ಕೈಯ ಸಹಾಯದಿಂದ ಅಥವಾ ಕೋಲೊಂದನ್ನು ಎರಡೂ ಕೈಗಳಲ್ಲಿ ಹಿಡಿದು ಕೈಯನ್ನು ಮೇಲೆತ್ತುವುದು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಏರಿಸುವುದು ಮುಂತಾದ ವ್ಯಾಯಾಮಗಳಿರುತ್ತವೆ. ಊಟ, ಬರವಣಿಗೆಯಂತಹ ಸೊಂಟದ ಮಟ್ಟದ ಹಗುರ ಕೆಲಸ ಮಾಡಬಹುದು. ಬಿಂದಿಗೆ ಎತ್ತುವಂತಿಲ್ಲ. ಈ ಹಂತವೇ ಅತ್ಯಂತ ಅಪಾಯದ್ದು. ನೋವಿರುವುದಿಲ್ಲ, ಬಲವೂ ಬಂದಿರುವುದಿಲ್ಲ.

ಮೂರನೆಯ ಹಂತ (3ರಿಂದ 6 ತಿಂಗಳು): ರಬ್ಬರ್ ಪಟ್ಟಿ ಎಳೆಯುವುದು, ಅನಂತರ ಅರ್ಧ ಅಥವಾ ಒಂದು ಕಿ.ಗ್ರಾಂ. ತೂಕ ಎತ್ತುವುದು, ಹೀಗೆ ಬಲ ತುಂಬುವ ವ್ಯಾಯಾಮಗಳು. ಹೊಲದಲ್ಲಿ ಮೇಲ್ವಿಚಾರಣೆ, ನೀರು ತಿರುಗಿಸುವುದು, ಕುಳಿತು ಕಾಳು ಹಸನು ಮಾಡುವುದು ಮುಂತಾದ ಕೆಲಸ ಮಾಡಬಹುದು.

ನಾಲ್ಕನೆಯ ಹಂತ (6 ತಿಂಗಳ ಅನಂತರ): ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ ಗುದ್ದಲಿ ಕೆಲಸ, ಸಿಂಪರಣೆ, ಮೂಟೆ ಎತ್ತುವುದು ಮುಂತಾದವನ್ನು ಸ್ವಲ್ಪ ಸ್ವಲ್ಪವಾಗಿ ಆರಂಭಿಸಬಹುದು. ಪೂರ್ಣ ಬಲ ಬರಲು ಒಂದು ವರ್ಷ ಹಿಡಿಯಬಹುದು. ದೊಡ್ಡ ಹರಕಿನವರಿಗೆ ಮೊದಲಿನಷ್ಟೇ ಬಲ ಬಾರದಿರಲೂಬಹುದು.

ಮನೆಯಲ್ಲಿ ಗಮನಿಸಬೇಕಾದ ಅಂಶಗಳು

1. ಮಲಗುವುದು: ಮೊದಲ ಕೆಲವು ವಾರ ಚಪ್ಪಟೆಯಾಗಿ ಮಲಗಿದರೆ ನೋವು ಹೆಚ್ಚು. ಬೆನ್ನಿಗೆ ದಿಂಬುಗಳನ್ನು ಒಟ್ಟಿ ಅಥವಾ ಆರಾಮ ಕುರ್ಚಿಯಲ್ಲಿ ಒರಗಿ ಮಲಗುವುದು ಅನುಕೂಲ. ಮೊಣಕೈಯ ಕೆಳಗೂ ಒಂದು ದಿಂಬಿರಲಿ.

2. ಉಡುಪು: ಮುಂದೆ ಗುಂಡಿಯಿರುವ ಸಡಿಲ ಅಂಗಿ ಅಥವಾ ರವಿಕೆ ತೊಡಬೇಕು. ತೊಡುವಾಗ ಶಸ್ತ್ರಚಿಕಿತ್ಸೆಯಾದ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ.

3. ಶುಚಿ: ಕಂಕುಳಿನಲ್ಲಿ ಬೆವರು ನಿಂತು ಹುಣ್ಣಾಗುವುದುಂಟು. ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹೊಲಿಗೆ ಬಿಚ್ಚುವವರೆಗೆ ಗಾಯಕ್ಕೆ ನೀರು ತಾಗಬಾರದು.

4. ಆಹಾರ: ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು ಮುಂತಾದ ಸಸಾರಜನಕವುಳ್ಳ ಆಹಾರ ಗಾಯ ಕೂಡಲು ಅವಶ್ಯಕ. ಸಕ್ಕರೆ ಕಾಯಿಲೆಯಿದ್ದವರು ಅದನ್ನು ಹತೋಟಿಯಲ್ಲಿಡಬೇಕು.

5. ಹೊಗೆಸೊಪ್ಪು: ಬೀಡಿ, ಸಿಗರೇಟುಗಳಲ್ಲಿನ ನಿಕೊಟಿನ್ ರಕ್ತನಾಳಗಳನ್ನು ಕುಗ್ಗಿಸಿ, ಮೊದಲೇ ರಕ್ತ ಕಡಮೆಯಿರುವ ರಜ್ಜು ಕೂಡದಂತೆ ಮಾಡುತ್ತದೆ. ಜಗಿಯುವ ಹೊಗೆಸೊಪ್ಪು ಮತ್ತು ಗುಟ್ಕಾದಲ್ಲಿಯೂ ಇದೇ ನಿಕೊಟಿನ್ ಇದೆ. ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲಿನಿಂದಲೇ ಇವನ್ನು ಬಿಡಬೇಕು.

6. ಉಜ್ಜಿಸುವುದು ಬೇಡ: ಕೈ ಬಿಗಿದಿದೆಯೆಂದು ಯಾರಿಂದಲೂ ಎಳೆಸಬಾರದು, ತಿರುಗಿಸಬಾರದು. ಬಿಗಿತ ಬಹುಮಂದಿಗೆ ಬರುತ್ತದೆ. ಕ್ರಮವಾದ ವ್ಯಾಯಾಮದಿಂದ ತಿಂಗಳುಗಳಲ್ಲಿ ಸಡಿಲಾಗುತ್ತದೆ.

7. ವಾಹನ: ಕೈಜೋಲಿ ಇರುವವರೆಗೆ ಮೋಟಾರ್ ಸೈಕಲ್, ಟ್ರ್ಯಾಕ್ಟರ್ ನಡೆಸಲೇಬಾರದು. ಅನಂತರವೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಜ್ವರ, ಗಾಯದಿಂದ ಕೀವು, ಹೆಚ್ಚುತ್ತಿರುವ ಕೆಂಪು ಮತ್ತು ಊತ, ಬೆರಳುಗಳು ಜೋಮು ಹಿಡಿದು ತಣ್ಣಗಾಗುವುದು, ಏಕಾಏಕಿ ಏದುಸಿರು, ಬಿದ್ದು ಅಥವಾ ಜಗ್ಗಿ 'ಟಪ್' ಎಂದ ಅನುಭವವಾಗಿ ಬಲ ಹೋಗುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಹಿಳೆಯರ ವಿಷಯ

ಮನೆಯ ಯಜಮಾನನಿಗೆ ಶಸ್ತ್ರಚಿಕಿತ್ಸೆಯಾದರೆ ಹೊಲದ ಕೆಲಸಕ್ಕೆ ಆಳು ಹುಡುಕುತ್ತಾರೆ. ಮನೆಯಾಕೆಗಾದರೆ ಅಡಿಗೆ, ಬಟ್ಟೆ ಒಗೆಯುವುದು, ನೀರು ಹೊರುವುದು, ಹಾಲು ಕರೆಯುವುದು, ಸಗಣಿ ಬಾಚುವುದು ಇವಕ್ಕೆ ಆಳು ಹುಡುಕುವವರು ವಿರಳ. ಎರಡನೆಯ ವಾರದಲ್ಲೇ ಒಂದೇ ಕೈಯಲ್ಲಿ ಕೆಲಸ ಆರಂಭಿಸಿ, ಮೂರನೆಯ ವಾರದಲ್ಲಿ ಇನ್ನೊಂದು ಕೈಯೂ ತಾನಾಗಿ ಕೆಲಸಕ್ಕೆ ಸೇರುತ್ತದೆ. ಒಂದು ಬಕೆಟ್ ನೀರು ಎತ್ತಿದರೂ ಹೊಲಿಗೆಗೆ ಅಪಾಯ ತಪ್ಪಿದ್ದಲ್ಲ. ಆದುದರಿಂದ ಮೂರು ತಿಂಗಳು ಈ ಕೆಲಸಗಳನ್ನು ಯಾರು ಯಾರು ಮಾಡಬೇಕೆಂಬುದನ್ನು ಆಸ್ಪತ್ರೆಗೆ ಸೇರುವ ಮುನ್ನವೇ ಮನೆಯವರೆಲ್ಲರೂ ಕುಳಿತು ಗೊತ್ತುಮಾಡಿಕೊಳ್ಳಬೇಕು.

ಬೇಸಾಯದ ಕಾಲಕ್ಕೆ ಹೊಂದಿಸಿಕೊಳ್ಳುವುದು

ಸವೆತದಿಂದ ನಿಧಾನವಾಗಿ ಹರಿದವರು ವೈದ್ಯರ ಒಪ್ಪಿಗೆ ಪಡೆದು ಶಸ್ತ್ರಚಿಕಿತ್ಸೆಯ ಕಾಲವನ್ನು ಆರಿಸಿಕೊಳ್ಳಬಹುದು. ಮುಂಗಾರು ಬೆಳೆಯ ಮಳೆಯಾಶ್ರಿತ ಪ್ರದೇಶದವರು ಕೊಯ್ಲು ಮುಗಿಸಿ ಡಿಸೆಂಬರ್ ಮಧ್ಯದಲ್ಲಿ ಮಾಡಿಸಿಕೊಂಡರೆ, ಜನವರಿ ಕೊನೆಗೆ ಕೈಜೋಲಿಯ ಕಾಲ ಮುಗಿಯುತ್ತದೆ. ಮಾರ್ಚ್ ಮಧ್ಯಕ್ಕೆ ಮೂರು ತಿಂಗಳಾಗಿ, ಜೂನ್ ಮಧ್ಯದ ಬಿತ್ತನೆಯ ಹೊತ್ತಿಗೆ ಆರು ತಿಂಗಳು ತುಂಬುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಯ್ಲಾದ ಮೇಲೆ ಫೆಬ್ರವರಿಯಲ್ಲಿ ಮಾಡಿಸಿಕೊಂಡರೆ, ಮಳೆಗಾಲದ ಆರಂಭದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವಾಗ ಇನ್ನೂ ನಾಲ್ಕು ತಿಂಗಳಷ್ಟೇ ಆಗಿರುತ್ತದೆ. ಆ ವರ್ಷದ ಸಿಂಪರಣೆಗೆ ಬೇರೆಯವರನ್ನೇ ಗೊತ್ತುಮಾಡಬೇಕು. ಪೆಟ್ಟಿನಿಂದ ಹರಿದವರು ಮಾತ್ರ ಯಾವ ಹಂಗಾಮನ್ನೂ ಕಾಯಬಾರದು. ಒಂದು ಬೆಳೆ ಹೋದರೆ ಮುಂದಿನ ವರ್ಷ ಬರುತ್ತದೆ, ಕೊಬ್ಬು ತುಂಬಿದ ಮಾಂಸಖಂಡ ಮರಳಿ ಬಾರದು.

ಖರ್ಚಿನ ಬಗ್ಗೆ ಹೇಳುವುದಾದರೆ, ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು ಮತ್ತೆ ಆರಂಭವಾದ ಯಶಸ್ವಿನಿ ಯೋಜನೆಯೂ, 2018ರ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯೂ ಇವೆ. ಈ ಶಸ್ತ್ರಚಿಕಿತ್ಸೆ ಅವುಗಳ ಪಟ್ಟಿಯಲ್ಲಿದೆಯೇ, ಯಾವ ಆಸ್ಪತ್ರೆಯಲ್ಲಿ ಸೌಲಭ್ಯವಿದೆ ಎಂಬುದನ್ನು ದಾಖಲಾಗುವ ಮುನ್ನವೇ ವಿಚಾರಿಸಬೇಕು. ಅನಂತರದ ವ್ಯಾಯಾಮ ಚಿಕಿತ್ಸೆಗೆ ಓಡಾಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿವಾರ ಪಟ್ಟಣಕ್ಕೆ ಹೋಗಲಾಗದವರು ಮನೆಯಲ್ಲಿಯೇ ಮಾಡಬಹುದಾದ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟರಿಂದ ಬರೆಸಿಕೊಂಡು ಕಲಿಯಬೇಕು.

ಮುನ್ನೆಚ್ಚರಿಕೆ

ಸ್ಪ್ರೇಯರನ್ನು ನೆಲದಿಂದ ಒಂಟಿ ಕೈಯಲ್ಲಿ ಎತ್ತಿ ಬೆನ್ನಿಗೆ ಹಾಕಿಕೊಳ್ಳುವ ಬದಲು ಕಟ್ಟೆಯ ಮೇಲಿಟ್ಟು ತೊಡಬೇಕು. ಎರಡೂ ಹೆಗಲಿಗೆ ಅಗಲ ಪಟ್ಟಿಯಿರಲಿ. ಆದರೆ ಬ್ಯಾಟರಿಯಿಂದ ನಡೆಯುವುದನ್ನು ಬಳಸಿ ಹಿಡಿಕೆ ಒತ್ತುವ ಶ್ರಮ ಉಳಿಸಬೇಕು. ಮೂಟೆಯನ್ನು ಇಬ್ಬರು ಸೇರಿ ಎತ್ತಬೇಕು. ದನದ ಹಗ್ಗವನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಮಳೆಗಾಲದಲ್ಲಿ ಓಡಾಡುವ ಬದುಗಳನ್ನು ಅಗಲವಾಗಿಟ್ಟು ಪಾಚಿ ಕೆರೆಯಬೇಕು. ದೋಟಿಯ ಕೆಲಸದ ನಡುನಡುವೆ ಕೈ ಇಳಿಸಿ ವಿಶ್ರಾಂತಿ ಕೊಡಬೇಕು.

ಬಿತ್ತಿದ ಬೀಜ ಮೊಳೆಯಿತೇ ಎಂದು ದಿನವೂ ಮಣ್ಣು ಕೆದಕಿ ನೋಡುವ ರೈತನಿಲ್ಲ. ಹದವರಿತು ಬಿತ್ತುವುದೂ, ಬಿತ್ತಿದ ಮೇಲೆ ಕಾಯುವುದೂ ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಅದೇ ವಿದ್ಯೆಯನ್ನು ತನ್ನ ಭುಜಕ್ಕೂ ಅನ್ವಯಿಸಿಕೊಂಡರೆ, ಹರಿದ ರಜ್ಜು ಕೂಡಿ, ಮುಂದಿನ ಅನೇಕ ಮುಂಗಾರುಗಳಲ್ಲಿ ಆ ಕೈ ಕೆಸರಾಗಲು ಸಿದ್ಧವಾಗಿರುತ್ತದೆ.